ಹಳೇ ಸೊಂಟನೋವಿಗೆ ಹೊಸ ಕನ್ನಡಕ

ಮಗು ಓಡುತ್ತಾ ಬಿದ್ದು, ಮೊಣಕಾಲು ತರಚಿಕೊಂಡು ಅಳಲು ಶುರುಮಾಡಿದರೆ ನಮ್ಮ ಮನೆಗಳ ಅಜ್ಜಿಯಂದಿರು ಒಂದು ನಾಟಕ ಆಡುತ್ತಾರೆ. ನೆಲ ನೋಡಿ ಗಾಬರಿಯಾದವರಂತೆ "ಅಯ್ಯೋ, ಇರುವೆ ಸತ್ತೇ ಹೋಯ್ತಲ್ಲೋ!" ಅನ್ನುತ್ತಾರೆ. ಮಗು ಅಳು ನಿಲ್ಲಿಸಿ ಇರುವೆ ಹುಡುಕುತ್ತದೆ. ಅಷ್ಟು ಹೊತ್ತಿಗೆ ಅರ್ಧ ನೋವು ಹೋಗಿರುತ್ತದೆ. ಇಲ್ಲದ ಇರುವೆ ತೋರಿಸಿ ಇರುವ ನೋವು ಮರೆಸುವ ಉಪಾಯ.

ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ನೋವಿನ ಚಿಕಿತ್ಸೆಗೆ ಬಂದದ್ದು ಈ ಇರುವೆಯ ಬಾಗಿಲಿನಿಂದಲೇ. ದೊಡ್ಡ ಕನ್ನಡಕದಂಥ ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡರೆ ಕೂತ ಕೋಣೆ ಮಾಯವಾಗಿ ಬೇರೊಂದು ಜಾಗ ಕಾಣುತ್ತದೆ. ತಲೆ ತಿರುಗಿಸಿದರೆ ಆ ಜಾಗದ ಇನ್ನೊಂದು ಮೂಲೆ ಕಾಣುತ್ತದೆ. ಈಗ ಇದನ್ನು ವರ್ಷಗಟ್ಟಲೆ ಕಾಡುವ ಸೊಂಟನೋವಿಗೂ ಕೊಡುತ್ತಿದ್ದಾರೆ. 2021ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ, ಇಂಥ ಒಂದು ಹೆಡ್‌ಸೆಟ್ಟಿಗೆ ಹಸಿರು ನಿಶಾನೆ ತೋರಿಸಿತು. ಡಾಕ್ಟರ್ ಚೀಟಿ ಬರೆದರೆ ಮಾತ್ರೆಯ ಹಾಗೆ ಹೆಡ್‌ಸೆಟ್ಟೂ ಮನೆಗೆ ಬರುತ್ತದೆ.

ಆದರೆ ತರಚಿದ ಮೊಣಕಾಲು ಬೇರೆ, ಹತ್ತು ವರ್ಷದ ಸೊಂಟನೋವು ಬೇರೆ ಅಲ್ವಾ? ಇರುವೆ ತೋರಿಸಿ ಹತ್ತು ವರ್ಷ ಯಾರನ್ನೂ ಸಮಾಧಾನ ಮಾಡಲಾಗದು. ಹಾಗಾದರೆ ಅಲ್ಲಿ ಈ ಹೆಡ್‌ಸೆಟ್ ಮಾಡುವುದಾದರೂ ಏನು? ಅದನ್ನು ಮಾಡಲು ಹೆಡ್‌ಸೆಟ್ಟೇ ಬೇಕಾ? ನನ್ನ ಕುತೂಹಲ ಜಾಸ್ತಿ ಇರುವುದು ಈ ಎರಡನೇ ಪ್ರಶ್ನೆಯ ಮೇಲೆ.

ಸಿಯಾಟಲ್‌ನ ಹಿಮ

ಸುಟ್ಟ ಗಾಯಕ್ಕೆ ದಿನಾ ಡ್ರೆಸ್ಸಿಂಗ್ ಬದಲಿಸುವುದನ್ನು ಕಂಡವರಿಗೆ ಅದರ ಸಂಕಟ ಗೊತ್ತು. ಸುಮ್ನೆ ಮಲಗಿದ್ದಾಗ ಮಾರ್ಫಿನ್‌ನಂಥ ಔಷಧಿಯಿಂದ ನೋವು ಹತೋಟಿಯಲ್ಲಿರುತ್ತದೆ. ಗಾಯ ತೊಳೆದು ಉಜ್ಜುವ ಹೊತ್ತಿಗೆ ಅದೇ ಔಷಧಿ ಸಾಲುವುದಿಲ್ಲ. ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯ ಬರ್ನ್ ಸೆಂಟರ್‌ನಲ್ಲಿ ಮನೋವಿಜ್ಞಾನಿ ಡೇವಿಡ್ ಪ್ಯಾಟರ್ಸನ್ ಇಂಥ ರೋಗಿಗಳ ಜೊತೆ ಕೆಲಸ ಮಾಡುತ್ತಿದ್ದರು. ಅದೇ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಅವರದು ಇನ್ನೊಂದೇ ಕೆಲಸ. ಜೇಡ ಕಂಡರೆ ನಡುಗುವವರ ಭಯ ಬಿಡಿಸಲು ಅವರು ವಿಆರ್ ಬಳಸುತ್ತಿದ್ದರು. 1990ರ ದಶಕದಲ್ಲಿ ಇವರಿಬ್ಬರೂ ಸೇರಿದರು.

2000ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಇದ್ದದ್ದು ಹದಿಹರೆಯದ ಇಬ್ಬರೇ ರೋಗಿಗಳು, ಒಬ್ಬರಿಗೆ 16, ಇನ್ನೊಬ್ಬರಿಗೆ 17 ವರ್ಷ. ಗಾಯದ ಆರೈಕೆ ನಡೆಯುವಾಗ ಸ್ವಲ್ಪ ಹೊತ್ತು ಸಾಮಾನ್ಯ ವಿಡಿಯೋ ಗೇಮ್, ಸ್ವಲ್ಪ ಹೊತ್ತು ವಿಆರ್ ಕೊಟ್ಟು ನೋಡಿದರು. ವಿಆರ್‌ನಲ್ಲಿದ್ದಾಗ ನೋವು ಬಹಳ ಕಡಿಮೆ ಎಂದು ಇಬ್ಬರೂ ಹೇಳಿದರು. ತಮಾಷೆ ಏನೆಂದರೆ ಅವರಿಗೆ ತೋರಿಸಿದ್ದು ಸುಂದರ ತೋಟವನ್ನೇನೂ ಅಲ್ಲ. ಕೈಗೆ ಸಿಕ್ಕಿದ್ದು ಜೇಡದ ಭಯ ಬಿಡಿಸಲೆಂದು ಮಾಡಿದ್ದ ಅದೇ ವಿಆರ್, ಜೇಡ ಇರುವ ಒಂದು ಅಡುಗೆಮನೆ. ಆಮೇಲೆ ಬೆಂಕಿಯಲ್ಲಿ ಬೆಂದವರಿಗೆಂದೇ ಹಿಮದ ಕಣಿವೆಯೊಂದನ್ನು ಕಟ್ಟಿದರು. ಹೆಸರು ಸ್ನೋವರ್ಲ್ಡ್. ತಣ್ಣಗೆ ತೇಲುತ್ತಾ ಹೋಗುವುದು, ಎದುರಾಗುವ ಹಿಮಮಾನವರಿಗೂ ಪೆಂಗ್ವಿನ್‌ಗಳಿಗೂ ಹಿಮದುಂಡೆ ಎಸೆಯುವುದು, ಅಷ್ಟೇ ಆಟ.

ಇದು ಬರೀ ಬಾಯಿಮಾತಿನ ಸಮಾಧಾನ ಅಂತ ಅನುಮಾನ ಬರುವುದು ಸಹಜ. 2004ರಲ್ಲಿ ಇದೇ ತಂಡ ಆರೋಗ್ಯವಂತ ಸ್ವಯಂಸೇವಕರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಪಾದಕ್ಕೆ ಬಿಸಿ ತಾಗಿಸಿ, ಮಿದುಳನ್ನು ನೋಡಿತು. ವಿಆರ್ ಆಡುತ್ತಿದ್ದಾಗ ನೋವಿಗೆ ಸಂಬಂಧಪಟ್ಟ ಐದು ಭಾಗಗಳಲ್ಲಿ ಚಟುವಟಿಕೆ ಇಳಿದಿತ್ತು. ಅಂದರೆ ನೋವು ಕಡಿಮೆ ಎಂದವರು ಸುಳ್ಳು ಹೇಳುತ್ತಿರಲಿಲ್ಲ.

ಕಾರಣ ತೀರಾ ಹೊಸದಲ್ಲ. ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಬ್ರಿಟನ್ನಿನ ಪ್ಯಾಟ್ರಿಕ್ ವಾಲ್ 1965ರಲ್ಲೇ ಒಂದು ಮಾತು ಹೇಳಿದ್ದರು. ಗಾಯದಿಂದ ಹೊರಟ ಸುದ್ದಿ ಮಿದುಳಿಗೆ ನೇರವಾಗಿ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಗೇಟ್ ಇದ್ದಂತೆ. ಅದನ್ನು ತೆರೆಯುವುದರಲ್ಲಿ, ಮುಚ್ಚುವುದರಲ್ಲಿ ಮೇಲಿನಿಂದ ಬರುವ ಸೂಚನೆಗಳಿಗೂ ಪಾಲಿದೆ. ವಿವರಗಳು ಆಮೇಲೆ ತಿದ್ದುಪಡಿಯಾದವು, ಮೂಲ ಮಾತು ಉಳಿಯಿತು. ಗಮನ, ಭಯ, ಹಿಂದಿನ ಅನುಭವ ಎಲ್ಲವೂ ಸೇರಿಯೇ ನೋವು ಆಗುತ್ತದೆ. ಗಮನವೋ ನಮ್ಮ ಹತ್ತಿರ ಇರುವುದೇ ಸ್ವಲ್ಪ. ಹಿಮದುಂಡೆ ಎಸೆಯುವುದರಲ್ಲಿ ಅದು ಖರ್ಚಾದರೆ ಗಾಯಕ್ಕೆ ಸಿಗುವುದು ಚಿಲ್ಲರೆ.

ಆಸ್ಪತ್ರೆಯ ಹಾಸಿಗೆಯಲ್ಲಿ ಇದು ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಲಾಸ್ ಏಂಜಲೀಸ್‌ನ ಸೀಡರ್ಸ್ ಸೈನೈ ಆಸ್ಪತ್ರೆಯಲ್ಲಿ ಬ್ರೆನನ್ ಸ್ಪೀಗಲ್ ತಂಡ 120 ಒಳರೋಗಿಗಳ ಮೇಲೆ ನಡೆಸಿದ ಅಧ್ಯಯನ 2019ರಲ್ಲಿ ಬಂತು. ಕೆಲವರಿಗೆ ವಿಆರ್, ಉಳಿದವರಿಗೆ ಟಿವಿಯಲ್ಲಿ ಆರೋಗ್ಯದ ಚಾನೆಲ್. ಹತ್ತರ ಅಳತೆಯಲ್ಲಿ ವಿಆರ್ ನೋಡಿದವರ ನೋವು ಸರಾಸರಿ 1.72 ಇಳಿಯಿತು, ಟಿವಿ ನೋಡಿದವರದು 0.46.

ಆದರೆ ಹೆಡ್‌ಸೆಟ್ ತೆಗೆದ ಮೇಲೆ? ಅದೇ ವರ್ಷ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ಸಮೀಕ್ಷೆ ಇದಕ್ಕೆ ಉತ್ತರ ಕೊಟ್ಟಿತು. ಆ ಕ್ಷಣದ ತೀವ್ರ ನೋವಿಗೆ ವಿಆರ್ ಉಪಯೋಗ ಇದೆ. ಹಳೇ ನೋವು ಇದ್ದವರಿಗೂ ಹಾಕಿಕೊಂಡಿದ್ದಷ್ಟು ಹೊತ್ತು ಹಗುರಾಗುತ್ತದೆ. ಆದರೆ ಆ ಹಗುರ ಆಮೇಲೂ ಉಳಿಯುತ್ತದೆ ಅನ್ನಲು ಪುರಾವೆ ಸಾಲದು. ಇಡೀ ದಿನ ಹಿಮದ ಕಣಿವೆಯಲ್ಲೇ ಇರಲು ಯಾರಿಂದ ಆಗುತ್ತದೆ? ದೋಸೆ ಹುಯ್ಯಬೇಕು, ಬಸ್ ಹಿಡಿಯಬೇಕು.

ಬೊಗಳುವುದನ್ನು ಬಿಡದ ನಾಯಿ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ, ಇಲ್ಲವೇ ಮತ್ತೆ ಮತ್ತೆ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಇದರಲ್ಲಿ ಸಂಧಿವಾತ, ಕ್ಯಾನ್ಸರ್, ನರದ ತೊಂದರೆ ಮುಂತಾಗಿ ಕಾರಣ ಸ್ಪಷ್ಟ ಇರುವವೂ ಇವೆ. ಆದರೆ ಸೊಂಟನೋವಿನ ಬಹುಪಾಲು ಪ್ರಕರಣಗಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಈ ಮಾತು ರೋಗಿಗೆ ಅವಮಾನದಂತೆ ಕೇಳಿಸುತ್ತದೆ. "ಹಾಗಾದ್ರೆ ನಾನು ನಾಟಕ ಮಾಡ್ತಿದೀನಾ?"

ಇಲ್ಲ. ಒಂದು ನಾಯಿಯನ್ನು ನೆನೆಸಿಕೊಳ್ಳಿ. ಒಮ್ಮೆ ಮನೆಗೆ ಕಳ್ಳ ಬಂದ, ನಾಯಿ ಬೊಗಳಿತು, ಎಲ್ಲರೂ ಎದ್ದರು. ಸರಿಯಾದ ಕೆಲಸವನ್ನೇ ಮಾಡಿತು. ಆಮೇಲೆ ಅದು ಹಾಲಿನವನಿಗೂ ಬೊಗಳಲು ಶುರುಮಾಡಿತು. ಬೆಕ್ಕಿಗೂ, ಎಲೆ ಉದುರಿದರೂ. ಕಳ್ಳ ಹೋಗಿ ಐದು ವರ್ಷ ಆಯಿತು, ನಾಯಿಗೆ ಮಾತ್ರ ನಿದ್ದೆ ಇಲ್ಲ. ಬೊಗಳುವುದು ನಿಜ, ನಿಮ್ಮ ನಿದ್ದೆ ಕೆಡುವುದೂ ನಿಜ, ಕಳ್ಳ ಮಾತ್ರ ಇಲ್ಲ. ನರಮಂಡಲ ಹೀಗೆ ಅತಿ ಸೂಕ್ಷ್ಮವಾಗುವುದು ದೀರ್ಘ ನೋವಿನ ಒಂದು ಮುಖ್ಯ ಭಾಗ. ಕಳ್ಳನನ್ನು ಹುಡುಕುತ್ತಾ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ನಾಯಿ ಇನ್ನಷ್ಟು ಚುರುಕಾಗುತ್ತದೆ.

ಸ್ಕ್ಯಾನ್ ವಿಷಯ ಬಂತು, ಹೇಳಿಬಿಡುತ್ತೇನೆ. ಎಂಆರ್‌ಐ ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್", ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ, ಎಂದು ಓದಿ ಜೀವನವೇ ಮುಗಿಯಿತು ಅಂದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ, ಯಾವ ನೋವೂ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. 20ರ ವಯಸ್ಸಿನವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿನವರಲ್ಲಿ 84 ಮಂದಿಗೆ. ಮತ್ತೆ ಹೇಳುತ್ತೇನೆ, ಇವರಿಗೆ ಯಾರಿಗೂ ನೋವು ಇರಲಿಲ್ಲ. ತಲೆಗೂದಲು ನೆರೆತಂತೆ ಡಿಸ್ಕೂ ನೆರೆಯುತ್ತದೆ. ಆದರೆ ಆ ಪದ ಓದಿದ ಮೇಲೆ ಬಗ್ಗಲು ಭಯ. ಬಗ್ಗದೇ ಇದ್ದರೆ ಸ್ನಾಯು ಬಿಗಿಯುತ್ತದೆ, ಸೋಲುತ್ತದೆ. ಮುಂದಿನ ಸಲ ಬಗ್ಗಿದಾಗ ನೋವು ಇನ್ನೂ ಜಾಸ್ತಿ. ಭಯ ನಿಜವಾಯಿತು!

ವಿಆರ್ ಬಗ್ಗೆ ನನಗೆ ಗೌರವ ಬಂದದ್ದು ಇಲ್ಲಿ. ಆಸ್ಟ್ರೇಲಿಯಾದ ಡ್ಯಾನಿಯಲ್ ಹಾರ್ವಿ, ಲೋರಿಮರ್ ಮೋಸ್ಲಿ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಹಳೇ ಕುತ್ತಿಗೆ ನೋವಿದ್ದ 24 ಜನ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹೆಡ್‌ಸೆಟ್ ಹಾಕಿ, ನೋವು ಶುರುವಾಗುವವರೆಗೆ ತಲೆ ತಿರುಗಿಸಿ ಎಂದರು. ಹೆಡ್‌ಸೆಟ್ ಒಳಗೆ ಒಂದು ಮೋಸ ಇತ್ತು. ಕೆಲವು ಸಲ, ತಲೆ ನಿಜವಾಗಿ ತಿರುಗಿದ್ದಕ್ಕಿಂತ ಕಡಿಮೆ ತಿರುಗಿದಂತೆ ದೃಶ್ಯ ಕಾಣುತ್ತಿತ್ತು. ಕೆಲವು ಸಲ ಜಾಸ್ತಿ ತಿರುಗಿದಂತೆ. ಇನ್ನು ಕೆಲವು ಸಲ ಇದ್ದದ್ದು ಇದ್ದ ಹಾಗೆ.

ಆದದ್ದೇನು? ಕಡಿಮೆ ತಿರುಗಿದೆ ಎಂದು ಕಣ್ಣು ಹೇಳಿದಾಗ ಜನ ನೋವಿಲ್ಲದೆ ಸುಮಾರು ನೂರಕ್ಕೆ 6ರಷ್ಟು ಹೆಚ್ಚು ತಿರುಗಿದರು. ಜಾಸ್ತಿ ತಿರುಗಿದೆ ಎಂದು ಕಣ್ಣು ಹೇಳಿದಾಗ ಸುಮಾರು ನೂರಕ್ಕೆ 7ರಷ್ಟು ಮೊದಲೇ ನೋವು ಬಂತು. ಕುತ್ತಿಗೆ ಅದೇ, ಮೂಳೆ ಅದೇ, ಸವೆತ ಅದೇ. ಬದಲಾದದ್ದು "ಇಷ್ಟು ತಿರುಗಿದರೆ ಅಪಾಯ" ಎಂಬ ಮಿದುಳಿನ ಲೆಕ್ಕ.

6 ಅಥವಾ 7 ಅಂದರೆ ಸಣ್ಣ ಸಂಖ್ಯೆ. ಇದರಿಂದ ಯಾರ ಕುತ್ತಿಗೆಯೂ ವಾಸಿಯಾಗಲಿಲ್ಲ. ಆದರೆ ಇಲ್ಲಿ ಗಮನ ಬೇರೆ ಕಡೆ ತಿರುಗಿಸುವ ಆಟ ಇಲ್ಲ ಅನ್ನುವುದನ್ನು ನೋಡಿ. ಗಮನ ಪೂರ್ತಿ ಕುತ್ತಿಗೆಯ ಮೇಲೇ ಇತ್ತು. ನೋವು ಮಿದುಳು ಕಟ್ಟುವ ಅಂದಾಜು, ಅಂದಾಜನ್ನು ತಿದ್ದಬಹುದು ಎಂಬುದು ಈ ಪ್ರಯೋಗದಿಂದ ಕಾಣುತ್ತದೆ. ಇರುವೆಯ ಉಪಾಯದಿಂದ ನಾಯಿಯ ತರಬೇತಿಗೆ ಬಂದೆವು. ಮುಂದಿನದೆಲ್ಲ ನಾಯಿಯ ತರಬೇತಿಯೇ.

ಇದೇ ದಾರಿಯಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಡಯೇನ್ ಗ್ರೊಮಾಲ ಅವರ ಕೆಲಸವೂ ಇದೆ. ಅವರೇ ವರ್ಷಗಳಿಂದ ನೋವು ಉಂಡವರು. ಅವರ ತಂಡದ ವಿಆರ್‌ನಲ್ಲಿ ರೋಗಿ ಮಂಜು ಮುಸುಕಿದ ಕಾಡಿನ ದಾರಿಯಲ್ಲಿ ನಡೆಯುತ್ತಾನೆ. ಬೆರಳಿಗೆ ಸಿಕ್ಕಿಸಿದ ಸೆನ್ಸರ್ ಚರ್ಮದ ಬೆವರಿನ ಏರುಪೇರು ಅಳೆಯುತ್ತದೆ. ಮೈ ಸಡಿಲವಾದಂತೆ ಮಂಜು ಸರಿಯುತ್ತದೆ, ಬಿಗಿಯಾದರೆ ಮತ್ತೆ ಮುತ್ತುತ್ತದೆ. "ರಿಲ್ಯಾಕ್ಸ್ ಮಾಡಿ" ಎಂದು ನೂರು ಸಲ ಹೇಳುವುದಕ್ಕಿಂತ ಇದು ಮೇಲು. ರಿಲ್ಯಾಕ್ಸ್ ಆದದ್ದು ಕಣ್ಣಿಗೆ ಕಾಣುತ್ತದಲ್ಲ.

ಎಂಟು ವಾರ, 56 ಪಾಠ

ಎಫ್‌ಡಿಎ ಒಪ್ಪಿದ ಸಾಧನದ ಹೆಸರು ಮೊದಲು ಈಸ್‌ವಿಆರ್‌ಎಕ್ಸ್, ಆಮೇಲೆ ರಿಲೀವ್‌ಆರ್‌ಎಕ್ಸ್. ತಯಾರಿಸಿದ್ದು ಲಾಸ್ ಏಂಜಲೀಸ್‌ನ ಅಪ್ಲೈಡ್‌ವಿಆರ್. 18 ವರ್ಷ ದಾಟಿದ, ದೀರ್ಘ ಸೊಂಟನೋವು ಇರುವವರಿಗೆ, ಬೇರೆ ಚಿಕಿತ್ಸೆಯ ಜೊತೆಗೆ ಎಂದು ಒಪ್ಪಿಗೆಯಲ್ಲೇ ಬರೆದಿದೆ. ಎಂಟು ವಾರ, ದಿನಕ್ಕೊಂದರಂತೆ 56 ಪಾಠ. ಒಂದೊಂದೂ 2ರಿಂದ 16 ನಿಮಿಷ. ಒಳಗೇನಿದೆ ಅಂದರೆ, ನೋವು ಹೇಗೆ ಹುಟ್ಟುತ್ತದೆ ಎಂಬ ವಿವರಣೆ, ಉದ್ದ ಉಸಿರು ಬಿಡುವ ಅಭ್ಯಾಸ, ಗಮನ ಹಿಡಿಯುವ ಆಟ, ಕೆಟ್ಟ ಯೋಚನೆ ಸುತ್ತತೊಡಗಿದಾಗ ಅದನ್ನು ಗುರುತಿಸುವುದು. ಹೆಡ್‌ಸೆಟ್ಟಿಗೆ ಸಿಕ್ಕಿಸುವ ಚಿಕ್ಕ ಕೊಳವೆಯಂಥದ್ದು ನಮ್ಮ ಉಸಿರನ್ನು ಮೈಕಿನತ್ತ ತಿರುಗಿಸುತ್ತದೆ, ಉಸಿರಾಟಕ್ಕೆ ತಕ್ಕಂತೆ ಒಳಗಿನ ದೃಶ್ಯ ಬದಲಾಗುತ್ತದೆ. ಮನೋವಿಜ್ಞಾನಿಗಳು ದಶಕಗಳಿಂದ ಹೇಳಿಕೊಡುತ್ತಿರುವ ವರ್ತನಾ ಚಿಕಿತ್ಸೆ ಇದು. ಹೊಸದು ಪಾತ್ರೆ ಮಾತ್ರ.

ಇನ್ನು ಪರೀಕ್ಷೆ. 179 ಜನ. ಕೋವಿಡ್ ಕಾಲ, ಆದ್ದರಿಂದ ಹೆಡ್‌ಸೆಟ್‌ಗಳನ್ನು ಮನೆಗೇ ಕಳಿಸಿದರು. ಅರ್ಧದಷ್ಟು ಜನರಿಗೆ ನಿಜವಾದ ಕಾರ್ಯಕ್ರಮ. ಉಳಿದವರಿಗೂ ಅದೇ ಹೆಡ್‌ಸೆಟ್, ಆದರೆ ಒಳಗೆ ಪಾಠ ಇಲ್ಲ, ಆಟ ಇಲ್ಲ, ಚಪ್ಪಟೆ ಪರದೆಯಲ್ಲಿ ನಿಸರ್ಗದ ದೃಶ್ಯ. ಈ ಎರಡನೇ ಗುಂಪು ಇಟ್ಟದ್ದು ಮೆಚ್ಚಬೇಕಾದ ವಿಷಯ. ವಿಆರ್ ಅಧ್ಯಯನಗಳಲ್ಲಿ ಇಂಥ ನಕಲಿ ಹೆಡ್‌ಸೆಟ್ ಗುಂಪು ಇಡುವವರು ಕಡಿಮೆ.

ಎಂಟು ವಾರದ ಕೊನೆಗೆ, ನೋವು ನೂರಕ್ಕೆ 30ಕ್ಕಿಂತ ಹೆಚ್ಚು ಇಳಿಯಿತು ಎಂದವರು ನಿಜ ಗುಂಪಿನಲ್ಲಿ ನೂರಕ್ಕೆ 66, ನಕಲಿ ಗುಂಪಿನಲ್ಲಿ 41. ಅರ್ಧಕ್ಕಿಂತ ಹೆಚ್ಚು ಇಳಿಯಿತು ಎಂದವರು 46 ಮತ್ತು 26. ಸರಾಸರಿ ಇಳಿಕೆ ಒಂದು ಕಡೆ ನೂರಕ್ಕೆ 43ರ ಹತ್ತಿರ, ಇನ್ನೊಂದು ಕಡೆ 25.

ಜಾಹೀರಾತಿನವರು 66 ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ನಾನಾದರೆ 41ರ ಮೇಲೆ ಬೆರಳಿಡುತ್ತೇನೆ. ಸುಮ್ನೆ ಕಾಡು, ನದಿ ನೋಡಿಕೊಂಡು ಕೂತ ನೂರು ಜನರಲ್ಲಿ 41 ಮಂದಿಗೆ ಒಳ್ಳೆಯ ಮಟ್ಟಿಗೆ ವಾಸಿಯಾಯಿತು. ಅದರಲ್ಲಿ ಸ್ವಲ್ಪ ನಂಬಿಕೆಯ ಪಾಲು, ದಿನಕ್ಕೆ ಕಾಲು ಗಂಟೆ ತಮಗೆಂದು ಇಟ್ಟುಕೊಂಡದ್ದರ ಪಾಲೂ ಇರಬಹುದು. ಸೊಂಟನೋವು ಹೇಗೂ ಏರಿ ಇಳಿಯುವಂಥದ್ದು. ಏರಿದಾಗಲೇ ಜನ ಚಿಕಿತ್ಸೆ ಹುಡುಕುವುದು, ಆಮೇಲೆ ಅದು ತಾನಾಗಿಯೂ ಇಳಿಯುತ್ತದೆ. ಪಾಠದಿಂದಲೇ ಆದ ಲಾಭ 66ರಲ್ಲಿ 41 ಕಳೆದರೆ ಉಳಿಯುವ 25. ಅಂದರೆ ನಾಲ್ಕು ಜನ ಎಂಟು ವಾರ ಮಾಡಿದರೆ ಒಬ್ಬರಿಗೆ ಹೆಚ್ಚಿನ ಪ್ರಯೋಜನ. ಸೊಂಟನೋವಿನ ಲೋಕದಲ್ಲಿ ಇದು ಕಳಪೆ ಅಲ್ಲ, ಒಳ್ಳೆಯ ಫಲಿತಾಂಶವೇ. ಪವಾಡ ಅಂತೂ ಅಲ್ಲ.

ಇನ್ನೆರಡು ಸಂಗತಿ. ಭಾಗವಹಿಸಿದವರಲ್ಲಿ ನೂರಕ್ಕೆ 90ರಷ್ಟು ಬಿಳಿಯರು, ನೂರಕ್ಕೆ 91ರಷ್ಟು ಜನ ಕಾಲೇಜಿನ ಮೆಟ್ಟಿಲು ಹತ್ತಿದವರು, ಮುಕ್ಕಾಲು ಪಾಲು ಹೆಂಗಸರು. ಇಟ್ಟಿಗೆ ಹೊತ್ತು ಸೊಂಟ ಹಿಡಿದವರಿಗೆ ಇದೇ ಫಲ ಸಿಗುತ್ತದಾ ಎಂದು ಈ ಪರೀಕ್ಷೆ ಹೇಳಲಾರದು. ಎರಡನೆಯದು, ಪರೀಕ್ಷೆ ನಡೆಸಿದ ತಂಡದಲ್ಲಿ ಕಂಪನಿಯ ಉದ್ಯೋಗಿಗಳೂ ಸಲಹೆಗಾರರೂ ಇದ್ದರು. ಅವರೇನೂ ಮುಚ್ಚಿಟ್ಟಿಲ್ಲ, ವರದಿಯಲ್ಲೇ ಬರೆದಿದ್ದಾರೆ. ಓದುವವರು ಮರೆಯಬಾರದು ಅಷ್ಟೇ.

ಅಡ್ಡ ಪರಿಣಾಮ ಏನಾದರೂ? ಐದರಲ್ಲಿ ಒಬ್ಬರಿಗೆ ಹೆಡ್‌ಸೆಟ್ ಭಾರ, ಕಿರಿಕಿರಿ. ಹತ್ತರಲ್ಲಿ ಒಬ್ಬರಿಗೆ ಬಸ್ಸಿನಲ್ಲಿ ಬರುವಂಥ ವಾಕರಿಕೆ. ಹೊಟ್ಟೆ, ಕಿಡ್ನಿ ಕೆಡುವ ಭಯ ಇಲ್ಲ. ಅಮೆರಿಕದವರಿಗೆ ಇದು ಯಾಕೆ ಅಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಹಿನ್ನೆಲೆ ಇದೆ. 1990ರ ದಶಕದ ನಂತರ ಅಲ್ಲಿ ಹಳೇ ನೋವಿಗೆ ಅಫೀಮಿನ ಜಾತಿಯ ಮಾತ್ರೆಗಳನ್ನು ಧಾರಾಳವಾಗಿ ಬರೆದರು. ಲಕ್ಷಾಂತರ ಜನ ಚಟಕ್ಕೆ ಬಿದ್ದರು. ಆಮೇಲೆ 240 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದ ಪರೀಕ್ಷೆಯೊಂದು 2018ರಲ್ಲಿ ಬಂತು. ಬೆನ್ನು, ಮಂಡಿ, ಸೊಂಟದ ಕೀಲುಗಳ ಹಳೇ ನೋವಿಗೆ ಈ ಮಾತ್ರೆಗಳು ಸಾಮಾನ್ಯ ನೋವಿನ ಮಾತ್ರೆಗಿಂತ ಮೇಲೇನಲ್ಲ ಎಂದು ಅದು ಹೇಳಿತು. ಅಷ್ಟೆಲ್ಲ ಆದ ಮೇಲೆ "ಮಾತ್ರೆ ಅಲ್ಲದ್ದು ಏನಾದರೂ ಕೊಡಿ" ಎಂದು ಇಡೀ ದೇಶ ಕೇಳುತ್ತಿದ್ದಾಗ ಈ ಹೆಡ್‌ಸೆಟ್ ಬಂದದ್ದು.

ಪಾತ್ರೆ ಇಲ್ಲದೆ ಪಾಯಸ

ಈಗ ನನ್ನ ಎರಡನೇ ಪ್ರಶ್ನೆ. ಒಳಗಿನ ಪಾಠವೇ ಮುಖ್ಯವಾದರೆ, ಹೆಡ್‌ಸೆಟ್ ಇಲ್ಲದೆ ಅದನ್ನು ಕೊಟ್ಟರೆ ಏನಾಗುತ್ತದೆ?

ಇದಕ್ಕೆ ಉತ್ತರ ಕೊಟ್ಟವರು ಬೇರೆ ಯಾರೂ ಅಲ್ಲ, ಸ್ಟ್ಯಾನ್‌ಫರ್ಡ್‌ನ ಬೆತ್ ಡಾರ್ನಲ್. ಮೇಲೆ ಹೇಳಿದ ಹೆಡ್‌ಸೆಟ್ ಪರೀಕ್ಷೆಯಲ್ಲೂ ಇವರ ಹೆಸರಿದೆ. ಅದೇ 2021ರಲ್ಲಿ ಅವರ ಇನ್ನೊಂದು ಅಧ್ಯಯನ ಬಂತು. ದೀರ್ಘ ಸೊಂಟನೋವಿನ 263 ಜನ. ಒಂದು ಗುಂಪಿಗೆ ವಾಡಿಕೆಯ ವರ್ತನಾ ಚಿಕಿತ್ಸೆಯ ಎಂಟು ತರಗತಿ. ಇನ್ನೊಂದಕ್ಕೆ ನೋವು ನಿಭಾಯಿಸುವ ಕೌಶಲ ಕಲಿಸುವ ಎರಡು ಗಂಟೆಯ ಒಂದೇ ತರಗತಿ. ಮೂರನೆಯದಕ್ಕೆ ಬರೀ ಆರೋಗ್ಯ ಮಾಹಿತಿ. ಮೂರು ತಿಂಗಳ ನಂತರ ನೋಡಿದರೆ ಒಂದೇ ತರಗತಿಯವರು ಎಂಟು ತರಗತಿಯವರಿಗೆ ಸರಿಸಮ. ಎರಡು ಗಂಟೆ, ಒಂದು ಕೋಣೆ, ಒಬ್ಬ ಟೀಚರ್!

ನಮ್ಮ ಕಡೆಯದೂ ಒಂದಿದೆ. ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಹಳೇ ಸೊಂಟನೋವಿನ 80 ಜನರನ್ನು ಒಂದು ವಾರ ಅಲ್ಲೇ ಉಳಿಸಿಕೊಂಡು ನಡೆಸಿದ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಆಸನ, ಪ್ರಾಣಾಯಾಮ, ಧ್ಯಾನ, ಉಪನ್ಯಾಸ. ಉಳಿದವರಿಗೆ ವ್ಯಾಯಾಮ. ಯೋಗದ ಗುಂಪಿನಲ್ಲಿ ನೋವಿನಿಂದ ಆಗುವ ಅಡಚಣೆ ಹೆಚ್ಚು ಇಳಿಯಿತು, ಬೆನ್ನು ಹೆಚ್ಚು ಬಾಗಿತು. ಒಂದೇ ವಾರದ ಅಧ್ಯಯನ, ಆದ್ದರಿಂದ "ನಮ್ಮಲ್ಲಿ ಎಲ್ಲ ಮೊದಲೇ ಇತ್ತು" ಎಂದು ಎದೆ ತಟ್ಟಿಕೊಳ್ಳುವ ಅಗತ್ಯ ಇಲ್ಲ. ಆದರೆ ಪಟ್ಟಿ ನೋಡಿ. ಉದ್ದ ಉಸಿರು, ಗಮನ, ಭಯ ಬಿಟ್ಟು ಮೈ ಬಗ್ಗಿಸುವುದು, ನೋವಿನ ಬಗ್ಗೆ ಒಂದಿಷ್ಟು ತಿಳಿವಳಿಕೆ. ಹೆಡ್‌ಸೆಟ್ ಒಳಗಿರುವುದೂ ಹೆಚ್ಚುಕಡಿಮೆ ಇದೇ.

ಹಾಗಾದರೆ ಹೆಡ್‌ಸೆಟ್ ದಂಡವಾ? ಹಾಗೂ ಹೇಳಲಾರೆ. ಫೋನಿನಲ್ಲಿ ಧ್ಯಾನದ ಆಡಿಯೋ ಹಾಕಿಕೊಂಡು ಕಣ್ಣು ಮುಚ್ಚಿದರೆ ಎರಡನೇ ನಿಮಿಷಕ್ಕೆ ಮನಸ್ಸು ಗ್ಯಾಸ್ ಬುಕಿಂಗ್‌ಗೆ ಓಡುತ್ತದೆ. ಹೆಡ್‌ಸೆಟ್ ಹಾಗೆ ಓಡಲು ಬಿಡುವುದಿಲ್ಲ. ನೋವಿನ ಮನೋವಿಜ್ಞಾನ ಕಲಿತವರು ಅಮೆರಿಕದಲ್ಲೇ ಕಡಿಮೆ, ಸಣ್ಣ ಊರುಗಳಲ್ಲಂತೂ ಇಲ್ಲವೇ ಇಲ್ಲ. ಅಲ್ಲಿಗೆ ಪೆಟ್ಟಿಗೆಯಲ್ಲಿ ಪಾಠ ಕಳಿಸಬಹುದು. ಸೈಕಾಲಜಿಸ್ಟ್ ಹತ್ತಿರ ಹೋಗಿ ಎಂದರೆ ಮುಖ ಸಿಂಡರಿಸುವವರು ಹೆಡ್‌ಸೆಟ್ ಎಂದರೆ ಕುತೂಹಲದಿಂದ ಹಾಕಿಕೊಳ್ಳುತ್ತಾರೆ. ಮೇಷ್ಟ್ರು ಸಿಗದ ಕಡೆಗೆ ಇದು ಮೇಷ್ಟ್ರ ಬದಲಿ. ನನ್ನ ಲೆಕ್ಕದಲ್ಲಿ ಹೆಡ್‌ಸೆಟ್ಟಿನ ಬೆಲೆ ಅಷ್ಟೇ, ಅದೇನೂ ಸಣ್ಣದಲ್ಲ.

ದುಡ್ಡಿನ ಕತೆ ಬೇರೆ. 2023ರಲ್ಲಿ ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್, ಇಂಥ ವಿಆರ್ ಸಾಧನಕ್ಕೆ ಬಿಲ್ ಹಾಕಲು ಪ್ರತ್ಯೇಕ ಕೋಡ್ ಕೊಟ್ಟಿತು. ಕೋಡ್ ಇದ್ದ ಮಾತ್ರಕ್ಕೆ ಹಣ ಬರುತ್ತದೆ ಅಂತಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಪೇರ್ ಥೆರಪ್ಯೂಟಿಕ್ಸ್ ಎಂಬ ಕಂಪನಿ ದಿವಾಳಿ ಅರ್ಜಿ ಹಾಕಿತು. ಡಾಕ್ಟರ್ ಚೀಟಿಯ ಮೇಲೆ ಕೊಡುವ ಮೊಬೈಲ್ ಆ್ಯಪ್ ಚಿಕಿತ್ಸೆಗೆ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲಿಗರು ಅವರು. ಡಾಕ್ಟರು ಬರೆದರು, ವಿಮೆಯವರು ಕೊಡಲಿಲ್ಲ.

ಇದರೊಳಗೆ ಕನ್ನಡ ಬರಲ್ವಾ?

2020ರಲ್ಲಿ ಜಗತ್ತಿನಲ್ಲಿ ಸುಮಾರು 62 ಕೋಟಿ ಜನರಿಗೆ ಸೊಂಟನೋವಿತ್ತು ಎಂದು ಒಂದು ಜಾಗತಿಕ ಅಂದಾಜು ಹೇಳುತ್ತದೆ. 2050ಕ್ಕೆ ಅದು 84 ಕೋಟಿ ಆಗಬಹುದಂತೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘ ಸೊಂಟನೋವಿಗೆಂದೇ ಮೊದಲ ಮಾರ್ಗಸೂಚಿ ತಂದಿತು. ತಿಳಿವಳಿಕೆ ಕೊಡಿ, ವ್ಯಾಯಾಮ ಮಾಡಿಸಿ, ವರ್ತನಾ ಚಿಕಿತ್ಸೆ ಕೊಡಿ ಎಂದಿತು. ಸೊಂಟದ ಬೆಲ್ಟ್ ಬೇಡ, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ಬೇಡ ಎಂದಿತು. ನಮ್ಮಲ್ಲಿ ಸೊಂಟನೋವು ಎಂದು ಹೋದರೆ ಮೊದಲು ಸಿಗುವುದೇ ಇವೆರಡು, ಜೊತೆಗೊಂದು ಚುಚ್ಚುಮದ್ದು. ನಮ್ಮ ತೊಂದರೆ ಅಫೀಮಿನ ಮಾತ್ರೆಗಿಂತ ಹೆಚ್ಚಾಗಿ, ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳದು. ಹೊಟ್ಟೆ ಹುಣ್ಣಾದ ಮೇಲೆ, ಕಿಡ್ನಿ ಕೆಟ್ಟ ಮೇಲೆ ಗೊತ್ತಾಗುತ್ತದೆ.

ನಮ್ಮ ದೊಡ್ಡಮ್ಮನಿಗೆ ಹತ್ತು ವರ್ಷದ ಸೊಂಟನೋವು. ಇರುವುದು ಮೈಸೂರಿನಲ್ಲಿ. ಬೆಲ್ಟ್ ಹಾಕಿದ್ದಾಯಿತು, ಎಣ್ಣೆ ಉಜ್ಜಿದ್ದಾಯಿತು, ಎಂಆರ್‌ಐ ರಿಪೋರ್ಟನ್ನು ಮದುವೆ ಆಲ್ಬಮ್ಮಿನ ಪಕ್ಕ ಜೋಪಾನವಾಗಿ ಇಟ್ಟಿದ್ದಾರೆ. ಹೋದ ಸಲ ಡಲ್ಲಾಸ್‌ನಿಂದ ಬಂದ ಮಗ ತನ್ನ ಗೇಮ್ ಆಡುವ ಹೆಡ್‌ಸೆಟ್ ತಂದಿದ್ದ. ಚಿಕಿತ್ಸೆಯ ಸಾಧನ ಅಲ್ಲ, ಮಾಮೂಲಿ ಆಟದ್ದು. ಅದರಲ್ಲಿ ಉಸಿರಾಟ ಹೇಳಿಕೊಡುವ ಒಂದು ಆ್ಯಪ್ ಇತ್ತು. ಸೋಫಾದ ಮೇಲೆ ಕೂರಿಸಿ, ತುರುಬು ಸರಿಸಿ ಹಾಕಿದ. ಎದುರಿಗೆ ಸಮುದ್ರ. ದೊಡ್ಡಮ್ಮ ಎರಡು ನಿಮಿಷ ಬಾಯಿ ತೆರೆದುಕೊಂಡೇ ನೋಡಿದರು. ಆಮೇಲೆ ಕೇಳಿದರು, "ಅದ್ಯಾರೋ ಇಂಗ್ಲಿಷಲ್ಲಿ ಏನೋ ಹೇಳ್ತಿದಾಳಲ್ಲೋ. ಇದರೊಳಗೆ ಕನ್ನಡ ಬರಲ್ವಾ?"

ಬರಲ್ಲ. ಪಾಠವೇ ಚಿಕಿತ್ಸೆ ಎಂದಾದರೆ ಭಾಷೆಯೇ ಔಷಧಿ. ಸಮುದ್ರ ಎಲ್ಲರಿಗೂ ಅರ್ಥವಾಗುತ್ತದೆ. "ನೋವು ಬಂದರೆ ಅಪಾಯ ಬಂದಂತಲ್ಲ" ಎಂಬ ಮಾತು ಅರ್ಥವಾಗುವುದು ಅವರವರ ಮಾತಿನಲ್ಲಿ ಮಾತ್ರ. ಅದರಲ್ಲೂ ಸೆಳೆತ, ಚಳಕು, ಹಿಡಿತ, ಉರಿ ಅಂತ ನಾವು ನೋವನ್ನು ಬೇರೆ ಬೇರೆಯಾಗಿ ಹೇಳುತ್ತೇವೆ. ಇಂಗ್ಲಿಷ್ ಪಾಠವನ್ನು ಮಕ್ಕೀಕಾಮಕ್ಕಿ ಕನ್ನಡಕ್ಕೆ ಇಳಿಸಿದರೂ ಆಗಲಿಕ್ಕಿಲ್ಲ. ಒಬ್ಬ ಒಳ್ಳೆಯ ಫಿಸಿಯೋ, ಒಬ್ಬ ಮನೋವಿಜ್ಞಾನಿ ಕೂತು ಎರಡು ಗಂಟೆಯ ಪಾಠವೊಂದನ್ನು ಕನ್ನಡದಲ್ಲೇ ಕಟ್ಟಿದರೆ, ತಾಲ್ಲೂಕು ಆಸ್ಪತ್ರೆಯ ಹಾಲ್‌ನಲ್ಲಿ ಒಂದೇ ಸಲಕ್ಕೆ 30 ಜನಕ್ಕೆ ಹೇಳಬಹುದು. ಆಮೇಲೆ ಬೇಕಿದ್ದರೆ ಅದನ್ನೇ ಹೆಡ್‌ಸೆಟ್ಟಿಗೂ ತುಂಬಲಿ.

ಮನೆಯಲ್ಲಿ ಮಕ್ಕಳ ಹೆಡ್‌ಸೆಟ್ ಇದೆ, ನಾನೂ ನೋಡುತ್ತೇನೆ ಎನ್ನುವವರಿಗೆ ಎರಡು ಮಾತು. ಕೂತೇ ಹಾಕಿಕೊಳ್ಳಿ, ಐದು ನಿಮಿಷದಿಂದ ಶುರುಮಾಡಿ. ಫಿಟ್ಸ್ ಇದ್ದವರು, ತಲೆ ಸುತ್ತು ಬರುವವರು ಡಾಕ್ಟರನ್ನು ಕೇಳದೆ ಹಾಕಬೇಡಿ. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಹತೋಟಿ ತಪ್ಪಿದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಅದು ಕಳ್ಳ ನಿಜಕ್ಕೂ ಬಂದಿರುವ ಸೂಚನೆ. ಆಗ ಹೆಡ್‌ಸೆಟ್ಟೂ ಬೇಡ, ಉಸಿರಾಟವೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಮಗ ವಾಪಸ್ ಹೋಗುವಾಗ ಹೆಡ್‌ಸೆಟ್ಟೂ ಹೋಯಿತು. ದೊಡ್ಡಮ್ಮನಿಗೆ ಅದರ ಚಿಂತೆ ಇಲ್ಲ. ಉಸಿರು ಎಳೆದದ್ದಕ್ಕಿಂತ ಬಿಡುವುದು ಉದ್ದ ಇರಬೇಕು ಅನ್ನುವುದೊಂದನ್ನು ಹಿಡಿದುಕೊಂಡಿದ್ದಾರೆ. ಬೆಳಿಗ್ಗೆ ಕುಕ್ಕರ್ ಇಟ್ಟು, ಸ್ಟೂಲ್ ಮೇಲೆ ಕೂತು, ಮೂರು ಸೀಟಿ ಆಗುವವರೆಗೆ ಹಾಗೆ ಉಸಿರಾಡುತ್ತಾರೆ. ಒಬ್ಬರ ಕತೆ ಸಾಕ್ಷಿ ಅಲ್ಲ, ಗೊತ್ತು. ಮೊನ್ನೆ ಫೋನ್ ಮಾಡಿದಾಗ ನೋವು ಹೇಗಿದೆ ಎಂದು ಕೇಳಿದೆ.

"ಇದೆ ಕಣೋ, ಎಲ್ಲಿಗೆ ಹೋಗುತ್ತೆ? ನಿನ್ನೆ ದೇವರಾಜ ಮಾರ್ಕೆಟ್‌ಗೆ ನಾನೇ ಹೋಗಿ ಹೂವು ತಂದೆ. ಮಾರು ಅರವತ್ತು ರೂಪಾಯಿ ಅಂತಾನೆ!"